24 ಅಂದರೆ ಯಾವ 24? ತಯಾರಿ ನಿಂತ ಸರ್ಜ್ ಡಯೋಡ್‌ಗೆ ಬದಲಿ ಹುಡುಕುವಾಗ

ಪುಣೆಯ ಕೈಗಾರಿಕಾ ಪ್ರದೇಶ ಭೋಸರಿ ಕಡೆಯಿಂದ ರಿಪೇರಿಗೆ ಬರುವ ಹಳೆಯ 24 ವೋಲ್ಟ್ ಕಂಟ್ರೋಲ್ ಬೋರ್ಡ್‌ಗಳಲ್ಲಿ, ಇನ್‌ಪುಟ್ ಫ್ಯೂಸಿನ ಪಕ್ಕದ ಟಿವಿಎಸ್ ಡಯೋಡ್ (ಸರ್ಜ್, ಅಂದರೆ ವೋಲ್ಟೇಜಿನ ಹಠಾತ್ ಏರಿಕೆಯನ್ನು ತಡೆಹಿಡಿಯುವ ಡಯೋಡ್) ಎಷ್ಟೋ ಸಲ ಈಗ ಸಿಗದ ಮಾದರಿ. ಬದಲಿ ಹುಡುಕುವಾಗ ಹೆಸರಿನಲ್ಲಿರುವ ಸಂಖ್ಯೆ ನಂಬಿದರೆ ಕೆಟ್ಟೆವು. ಎಸ್‌ಎಂಬಿಜೆ24ಎ ಎಂಬಲ್ಲಿ 24 ಅಂದರೆ ಸ್ಟ್ಯಾಂಡ್‌ಆಫ್, ಅಂದರೆ ಡಯೋಡ್ ಸುಮ್ಮನಿರಬೇಕಾದ ವೋಲ್ಟೇಜ್. ಬ್ರೇಕ್‌ಡೌನ್, ಅಂದರೆ ಅದು ಕರೆಂಟ್ ಹರಿಸಲು ಶುರುಮಾಡುವ ವೋಲ್ಟೇಜ್, 26.7ರಿಂದ 29.5ರ ನಡುವೆ. ಇನ್ನೊಂದು ಸರಣಿಯ ಪಿ6ಕೆಇ24ಎ ಎಂಬಲ್ಲಿ 24 ಬ್ರೇಕ್‌ಡೌನೇ, 22.8ರಿಂದ 25.2. ಸ್ಟ್ಯಾಂಡ್‌ಆಫ್ ಬರೀ 20.5. ಇದನ್ನು 24 ವೋಲ್ಟ್ ಲೈನಿಗೆ ಹಾಕಿದರೆ ಕಾದು ಕಾದು ಶಾರ್ಟ್ ಆಗಬಹುದು, ಆಮೇಲೆ ಫ್ಯೂಸ್ ಬದಲಿಸುತ್ತಾ ಕೂರಬೇಕು. ಎರಡೂ 600 ವ್ಯಾಟ್, ಎರಡರ ಮೇಲೂ 24. ಕೌಂಟರಿನಲ್ಲಿ ‘ಸೇಮ್ ಹೈ, ಸಾಬ್’ ಅನ್ನುವುದು ಇದಕ್ಕೇ.

ನಾನು ಮೊದಲು ನೋಡುವುದು ಡಯೋಡನ್ನಲ್ಲ, ಅದರ ಹಿಂದಿನ ಐಸಿಯನ್ನು. ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಎಲ್‌ಎಂ2596 ಇದ್ದರೆ ಕೆಲಸದ ಮಿತಿ 40 ವೋಲ್ಟ್, 45 ದಾಟಿದರೆ ಸತ್ತಂತೆ. ಪೂರ್ತಿ ಸರ್ಜ್ ಕರೆಂಟಿನಲ್ಲಿ ಎಸ್‌ಎಂಬಿಜೆ24ಎ ವೋಲ್ಟೇಜನ್ನು 38.9ಕ್ಕೆ ಹಿಡಿಯುತ್ತದೆ, ಅದೇ ಸರಣಿಯ 26ಎ ಮಾದರಿ 42.1ಕ್ಕೆ, 28ಎ ಮಾದರಿ 45.4ಕ್ಕೆ. ಹಾಗಾಗಿ 24ಎ. ಆದರೆ ಪ್ಯಾನೆಲಿನ ಎಸ್‌ಎಂಪಿಎಸ್ (24 ವೋಲ್ಟ್ ಕೊಡುವ ಪವರ್ ಸಪ್ಲೈ) ಅನ್ನು ಯಾರಾದರೂ 27ಕ್ಕೆ ತಿರುಗಿಸಿಟ್ಟಿದ್ದರೆ 24ಎ ಬಿಸಿಯಾಗಬಹುದು. ಮೊದಲು ಸೈಟಿನಲ್ಲಿ ವೋಲ್ಟೇಜ್ ಅಳೆಯಿಸಿ.

ಮುಂಬೈಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ಒಮ್ಮೆಗೇ ರೀಲ್ ಕೊಳ್ಳುವುದಿಲ್ಲ. ಇಪ್ಪತ್ತು ಪೀಸ್ ಕಟ್ ಟೇಪ್ (ರೀಲಿನಿಂದ ಕತ್ತರಿಸಿದ ತುಂಡು), ಜಿಎಸ್‌ಟಿ ಬಿಲ್ ಸಮೇತ. ಬಿಡಿಬಿಡಿಯಾಗಿ ಪೊಟ್ಟಣದಲ್ಲಿ ಕೊಟ್ಟರೆ ಬೇಡ, ಬಳಸಿದ್ದಿರಬಹುದು. ಹಳೆ ಬೋರ್ಡಿನಿಂದ ಕಿತ್ತ ಮಾಲಿನ ಕಾಲಲ್ಲಿ ಬೆಸುಗೆಯ ಉಬ್ಬು ಲೆನ್ಸಿಗೆ ಕಾಣುತ್ತದೆ.

ಪರೀಕ್ಷೆ ಹೀಗೆ: ಬೆಂಚ್ ಸಪ್ಲೈ, 10 ಕೆ ರೆಸಿಸ್ಟರ್, ಡಯೋಡ್ ಸೀರೀಸಿನಲ್ಲಿ, ಕ್ಯಾಥೋಡ್ ಪಟ್ಟಿ ಪ್ಲಸ್ ಕಡೆಗೆ. 40 ವೋಲ್ಟಿಗೆ ಏರಿಸಿದರೆ 1 ಮಿಲಿಆಂಪ್‌ಗಿಂತ ಒಂಚೂರು ಹೆಚ್ಚು ಹರಿಯುತ್ತದೆ. ಡಯೋಡ್ ಮೇಲೆ 26.7–29.5 ಬರಬೇಕು. ಸಪ್ಲೈ 24ಕ್ಕಿಳಿಸಿ ರೆಸಿಸ್ಟರ್ ಮೇಲೆ ಅಳೆದರೆ 10 ಮಿಲಿವೋಲ್ಟ್ ಮೀರಬಾರದು. ಅದು 1 ಮೈಕ್ರೋಆಂಪ್ ಸೋರಿಕೆ. ಮಲ್ಟಿಮೀಟರಿನ ಡಯೋಡ್ ರೇಂಜಿನಲ್ಲಿ ಒಂದು ಕಡೆ ಸುಮಾರು 0.6 ತೋರಬೇಕು. ಎರಡೂ ಕಡೆ ಓಪನ್ ಆದರೆ ಅಂಗಡಿಯವನು ಸಿಎ, ಅಂದರೆ ದ್ವಿಮುಖದ್ದು ಕೊಟ್ಟಿರಬಹುದು.

ಇಷ್ಟೆಲ್ಲ ಪಾಸಾದರೂ ಒಳಗಿನ ಚಿಪ್ ಚಿಕ್ಕದಿರಬಹುದು: 400 ವ್ಯಾಟಿನದನ್ನು 600ರ ಮೈಯೊಳಗೆ ಕೂರಿಸಿದ ಮಾಲು. ಇದು ಸಿಕ್ಕಿಬೀಳುವುದು ಕೆಪ್ಯಾಸಿಟೆನ್ಸ್ ಅಳೆಯುವ ಎಲ್‌ಸಿಆರ್ ಮೀಟರಿಗೆ. ನಂಬಿಕೆಯ ಪೀಸಿನ ಜೊತೆ ಕೆಪ್ಯಾಸಿಟೆನ್ಸ್ ಹೋಲಿಸಿ. ಗಣನೀಯ ಕಡಿಮೆ ಬಂದರೆ ವಾಪಸ್.

ಉದ್ದ ಕಾಲಿನ ಡಯೋಡಿನ ಜಾಗಕ್ಕೆ ಎಸ್‌ಎಂಬಿ (ಉದ್ದ ಕಾಲಿಲ್ಲದ, ಬೋರ್ಡಿನ ಮೇಲೇ ಬೆಸೆಯುವ ಮೈ) ಹಾಕುವಾಗ ವೈರ್ ಎಳೆಯಬೇಡಿ. ಬೋರ್ಡ್ ತಿರುವಿ, ಟ್ರ್ಯಾಕಿನ ಹಸಿರು ಪದರ ಕೆರೆದು, ಫ್ಯೂಸಿನ ನಂತರ ನೇರ ಬೆಸೆಯಿರಿ. ಒಂದು ಸೆಂಟಿಮೀಟರ್ ವೈರೂ ಸುಮಾರು 10 ನ್ಯಾನೋಹೆನ್ರಿ. ಚುರುಕಿನ ಸ್ಪೈಕ್ ಡಯೋಡಿಗೆ ಪೂರ್ತಿ ಸಿಗದೆ ಐಸಿಯತ್ತ ಹೋಗಲು ಅಷ್ಟು ಸಾಕು.