ಒಂದೇ ವಾಕ್ಯವನ್ನು ಎರಡು ಬಾರಿ ಬಿಡಿಸುವುದು: ಸಾರ್ವತ್ರಿಕ ವ್ಯಾಕರಣಗಳನ್ನು ನಾನು ಹೋಲಿಸುವ ಬಗೆ

ಎಲ್ಲ ಭಾಷೆಗಳ ಅಡಿಯಲ್ಲೂ ಒಂದೇ ವ್ಯಾಕರಣವಿದೆ ಎಂಬುದು ಸಾರ್ವತ್ರಿಕ ವ್ಯಾಕರಣದ ನಿಲುವು. ಮಧ್ಯಯುಗದ ಪ್ಯಾರಿಸ್ಸಿನ ಮೋಡಿಸ್ಟರನ್ನೂ (ಪದಗಳು ಅರ್ಥ ಸೂಚಿಸುವ ರೀತಿಗಳನ್ನು ವಿವರಿಸಿದ ವ್ಯಾಕರಣಕಾರರು) ಪುನರುಜ್ಜೀವನ ಕಾಲದ ವ್ಯಾಕರಣಕಾರ ಸಾಂಕ್ಟಿಯುಸ್‌ನನ್ನೂ ವ್ಯಾಖ್ಯೆಗಳ ಮೂಲಕ ಹೋಲಿಸಿದರೆ ಇಬ್ಬರೂ ಒಂದೇ ಮಾತು ಹೇಳಿದಂತೆ ಕಾಣುತ್ತದೆ. ಅದಕ್ಕೇ ನಾನು ಒಂದು ಲ್ಯಾಟಿನ್ ವಾಕ್ಯ ಹಿಡಿದು ಎರಡೂ ಕಡೆ ಬಿಡಿಸುತ್ತೇನೆ: 'ಹೋಮೋ ಆಲ್ಬುಸ್ ಕುರ್ರಿಟ್ ಬೆನೆ', ಬಿಳಿಯ ಮನುಷ್ಯ ಚೆನ್ನಾಗಿ ಓಡುತ್ತಾನೆ. ಇದು 1300ರ ಆಸುಪಾಸಿನ ಮೋಡಿಸ್ಟ್, ಎರ್ಫರ್ಟ್‌ನ ಥಾಮಸ್ ಕೊಟ್ಟ ಉದಾಹರಣೆ.

ಮೊದಲು ಥಾಮಸ್‌ನ ಕ್ರಮ. ಪದಗಳನ್ನು ಜೋಡಿಮಾಡಿ, ಪ್ರತಿ ಜೋಡಿಯಲ್ಲಿ ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಬಾಣ ಎಳೆಯಬೇಕು. ಆಲ್ಬುಸ್ (ಬಿಳಿಯ) ಹೋಮೋವನ್ನು (ಮನುಷ್ಯ), ಕುರ್ರಿಟ್ (ಓಡುತ್ತಾನೆ) ಹೋಮೋವನ್ನು, ಬೆನೆ (ಚೆನ್ನಾಗಿ) ಕುರ್ರಿಟ್ಟನ್ನು. ಮೂರು ಬಾಣ, ಅಷ್ಟೇ. ಹೊಸ ಪದ ಒಂದೂ ಸೇರುವುದಿಲ್ಲ. ಅವಲಂಬನೆ ಹುಟ್ಟುವುದು ಪದದ ಅರ್ಥದಿಂದಲ್ಲ, ಅದು ಅರ್ಥವನ್ನು ಸೂಚಿಸುವ ರೀತಿಯಿಂದ. ಇನ್ನೊಬ್ಬ ಮೋಡಿಸ್ಟ್, ಡೇಸಿಯಾದ (ಡೆನ್ಮಾರ್ಕ್) ಬೊಯೆಥಿಯುಸ್‌ನ ಉದಾಹರಣೆ ಕನ್ನಡದಲ್ಲೂ ಸಲೀಸಾಗಿ ನಿಲ್ಲುತ್ತದೆ: ನೋವು, ನೋಯುತ್ತೇನೆ, ನೋಯುವ, ನೋವಿನಿಂದ, ಅಯ್ಯೋ! ಹುರುಳು ಒಂದೇ, ರೀತಿ ಬೇರೆ.

ಇನ್ನು ಸ್ಪೇನಿನ ಸಾಲಮಾಂಕಾದ ಸಾಂಕ್ಟಿಯುಸ್, ಆತನ 1587ರ ಕೃತಿ 'ಮಿನರ್ವಾ'. ಇಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: ವಾಕ್ಯದಲ್ಲಿ ಏನು ಬಿಟ್ಟುಹೋಗಿದೆ? ಅಕರ್ಮಕ ಕ್ರಿಯಾಪದವೇ ಇಲ್ಲ ಎನ್ನುವವನು ಆತ. ಕುರ್ರಿಟ್ ಒಳಗೆ 'ಕುರ್ಸುಮ್' (ಓಟವನ್ನು) ಎಂಬ ಕರ್ಮ ಅಡಗಿದೆ. ನಮ್ಮ 'ಆಟ ಆಡು' ನೆನೆದರೆ ಇದು ಅಷ್ಟೇನೂ ವಿಚಿತ್ರವಲ್ಲ. 'ಅಯ್ಯೋ'ವನ್ನಂತೂ ಆತ ಪದವರ್ಗಗಳಿಂದಲೇ ಹೊರಹಾಕುತ್ತಾನೆ: ಅದು ಸಹಜ ಕೂಗು, ಪದವಲ್ಲ.

ಎಡವುವುದು ಸಾಮಾನ್ಯವಾಗಿ ಮೂರು ಕಡೆ. 'ಇಂಟ್ರಾನ್ಸಿಟಿವಾ' ಎಂಬುದನ್ನು ಕಣ್ಣುಮುಚ್ಚಿ 'ಅಕರ್ಮಕ' ಎಂದು ಅನುವಾದಿಸಬೇಡಿ. ಥಾಮಸ್‌ನಲ್ಲಿ ಅದು ರಚನೆಯ ಹೆಸರು, ಕ್ರಿಯಾಪದವೇ ಇಲ್ಲದ 'ಹೋಮೋ ಆಲ್ಬುಸ್' ಕೂಡ ಅದರಡಿ ಬರುತ್ತದೆ. ಎರಡನೆಯದು, ಲೋಪ ತುಂಬುವ ಉತ್ಸಾಹ. ತುಂಬುತ್ತಾ ಹೋದರೆ ಯಾವ ವಾಕ್ಯವನ್ನಾದರೂ ಏನಾದರೂ ಮಾಡಬಹುದು. ಸಾಂಕ್ಟಿಯುಸ್ ತರ್ಕದ ಜೊತೆಗೆ ಪ್ಲಾಟಸ್, ಸಿಸೆರೊ ಮೊದಲಾದ ಪ್ರಾಚೀನ ರೋಮನ್ ಲೇಖಕರ ಪ್ರಯೋಗವನ್ನೂ ಸಾಕ್ಷಿಗೆ ತರುತ್ತಾನೆ. ಹಾಗಾಗಿ ಪ್ರತಿ ಲೋಪದ ಪಕ್ಕದಲ್ಲಿ ಸಾಕ್ಷಿಗೆಂದು ಒಂದು ಕಾಲಂ ಇಡುತ್ತೇನೆ. ಮೋಡಿಸ್ಟರಿಗೆ ಆ ಕಾಲಂ ಬಹುಮಟ್ಟಿಗೆ ಖಾಲಿಯೇ, ವಾಕ್ಯಗಳನ್ನು ಅವರೇ ಕಟ್ಟಿಕೊಳ್ಳುತ್ತಾರೆ. ಈ ಖಾಲಿ ಜಾಗ ನನಗೆ ಯಾವ ವ್ಯಾಖ್ಯೆಗಿಂತ ಹೆಚ್ಚು ಹೇಳಿದೆ.

ಮೂರನೆಯದು ಹೆಸರಿನ ಗೊಂದಲ. ಥಾಮಸ್‌ನ ಕೃತಿ ಬಹುಕಾಲ ಮಧ್ಯಯುಗದ ತತ್ತ್ವಜ್ಞಾನಿ ಡನ್ಸ್ ಸ್ಕಾಟಸ್ ಹೆಸರಿನಲ್ಲಿತ್ತು. ಜರ್ಮನ್ ತತ್ತ್ವಜ್ಞಾನಿ ಹೈಡೆಗರ್ 1915ರಲ್ಲಿ ಸ್ಕಾಟಸ್ ಬಗ್ಗೆ ಬರೆದದ್ದರ ಎರಡನೆಯ ಭಾಗ ಈ ಕೃತಿಯನ್ನೇ ಓದಿಕೊಂಡು. ಮಧ್ಯಯುಗದ ವಿದ್ವಾಂಸ ಗ್ರಾಬ್‌ಮನ್ ಎಂದು ತಪ್ಪಾಗಿ ಓದಬೇಡಿ, ಆತ ಇತಿಹಾಸಕಾರ; 1922ರಲ್ಲಿ ಕೃತಿ ಥಾಮಸ್‌ನದು ಎಂದು ತೋರಿಸಿ ಆ ತಪ್ಪನ್ನು ತಿದ್ದಿದ. ಹಳೆಯ ಪುಸ್ತಕ ಬಳಸುವವರು ಹೆಸರು ಬದಲಿಸಿಕೊಂಡೇ ಓದಬೇಕು.