ಫೋನ್ ಮಾಡಲು ಹಿಂಜರಿಯುವ ಗ್ರಾಹಕರ ಮುಜುಗರ ಕಳೆಯುವುದು ಹೇಗೆ?

ಸಣ್ಣ ಸೇವಾ ಉದ್ಯಮಕ್ಕೆ ಗ್ರಾಹಕರು ಬಾರದಿರಲು ದರವೊಂದೇ ಕಾರಣವಲ್ಲ. ಒಮ್ಮೆ ವಿಚಾರಿಸಿದರೆ ಬೆನ್ನು ಬೀಳುತ್ತಾರೇನೋ, ಬೇಡ ಎನ್ನುವುದು ಹೇಗೆ ಎಂಬ ಮುಜುಗರವೂ ಅವರನ್ನು ತಡೆಯುತ್ತದೆ. ಹಾಗಾಗಿ ಮುಂದೇನಾಗುತ್ತದೆ ಎಂಬುದನ್ನು ಜಾಹೀರಾತಿನಲ್ಲೇ ಬರೆಯಿರಿ: ಮೊದಲ ಮಾತುಕತೆ 15 ನಿಮಿಷ, ಅದು ಉಚಿತ, ಅಂದಾಜು ವೆಚ್ಚ 2 ದಿನದೊಳಗೆ ಬರಹದಲ್ಲಿ, ಬೇಡವಾದರೆ ಕಾರಣ ಹೇಳಬೇಕಿಲ್ಲ.

‘ದರಕ್ಕಾಗಿ ಸಂಪರ್ಕಿಸಿ’ ಎಂದಷ್ಟೇ ಹಾಕಿದರೆ ದುಬಾರಿಯಿರಬೇಕೆಂದು ಹಲವರು ಅಲ್ಲೇ ಕೈಬಿಡುತ್ತಾರೆ. ಕನಿಷ್ಠ, ಗರಿಷ್ಠ ದರ ಎರಡನ್ನೂ ಕೊಡಿ. ಯಾವುದರಿಂದ ಅದು ಏರುತ್ತದೆ ಎಂದೂ ತಿಳಿಸಿ.

ಮನೆಯೊಳಗಿನ ಕೆಲಸವಾದರೆ ಬರುವವರ ಹೆಸರು, ಫೋಟೊ, ಸಮಯವನ್ನು ಹಿಂದಿನ ದಿನವೇ ಕಳಿಸಿ. ಮನೆ ಚೆಲ್ಲಾಪಿಲ್ಲಿಯಾಗಿದೆ ಎಂದು ನಾಚುವವರಿಗೆ ‘ಇದ್ದ ಹಾಗೇ ಇರಲಿ, ಏನನ್ನೂ ಜೋಡಿಸಿಡಬೇಡಿ’ ಎಂಬ ಸಾಲು ನಿಜಕ್ಕೂ ಸಮಾಧಾನ ಕೊಡುತ್ತದೆ. ಅಂದಾಜು ವೆಚ್ಚ ಕಳಿಸಿದ ಮೇಲೆ ಉತ್ತರ ಬಾರದಿದ್ದರೆ ವಾರದ ಬಳಿಕ ಒಮ್ಮೆ ಮಾತ್ರ ನೆನಪಿಸಿ.