ಆನ್‌ಲೈನ್ ಹರಾಜಿನಲ್ಲಿ ಕೊಂಡ ಹಳೇ ವಸ್ತು ಕೈಕೊಟ್ಟರೆ

ಪಾರ್ಸೆಲ್ ಬಿಚ್ಚಿದಾಗ ಕ್ಯಾಮೆರಾ ಲೆನ್ಸ್ ಒಳಗೆ ಬೂಷ್ಟು ಕಂಡರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ಆದರೂ ಸಿಟ್ಟಿನಲ್ಲಿ ರೇಟಿಂಗ್ ಹಾಕಬೇಡಿ, ಅದು ಆಮೇಲೆ. ಮೊದಲು ಮಾರಾಟದ ಪುಟ ಮತ್ತೆ ಓದಿ, ಸ್ಕ್ರೀನ್‌ಶಾಟ್ ತೆಗೆದಿಡಿ. ‘ಗಾಜು ಚೊಕ್ಕವಾಗಿದೆ’ ಎಂದು ಬರೆದು ಇಂಥದ್ದು ಕಳಿಸಿದ್ದರೆ ತಪ್ಪು ಮಾರಿದವರದೇ. ಟಾರ್ಚ್ ಬೆಳಕು ಹಾಯಿಸಿ ಹತ್ತಿರದಿಂದ ಫೋಟೊ ತೆಗೆಯಿರಿ, ಡಬ್ಬಿ ಎಸೆಯಬೇಡಿ, ರಿಪೇರಿಗೆ ಮಾತ್ರ ಕೈ ಹಾಕಲೇಬೇಡಿ. ಆಮೇಲೆ ಸೈಟಿನ ಮೆಸೇಜಿನಲ್ಲೇ ಬರೆಯಿರಿ: ಏನು ಹೇಳಿದ್ದಿರಿ, ಏನು ಬಂತು, ನನಗೆ ಏನು ಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ಇಬೇ (eBay) ಎಂಬ ಹರಾಜು ಸೈಟಿನಲ್ಲಿ ಸಾಮಾನ್ಯವಾಗಿ ವಸ್ತು ತಲುಪಿದ 30 ದಿನದೊಳಗೆ ವಾಪಸ್ ಕೇಳಬೇಕು. 3 ಕೆಲಸದ ದಿನಗಳಲ್ಲಿ ಮಾರಿದವರು ಸರಿಪಡಿಸದಿದ್ದರೆ ಸೈಟಿನವರನ್ನೇ ಮಧ್ಯೆ ಬರಲು ಕೇಳಬಹುದು. ‘ಮುಂದಿನ ವಾರ ನೋಡೋಣ’ ಅಂತ ಸುಮ್ನೆ ಎಳೆಯುವವರನ್ನು ನಂಬಿ ಗಡುವು ಮೀರಿಸಿಕೊಳ್ಳಬೇಡಿ.